ಕಂಬಳಿಯಲ್ಲಿದ್ದ ಸೂಜಿ

೧೨-೮-೧೯೭೩

ಯಲ್ಲದಕೆರೆಯ ಗಂಗಕ್ಕನಿಗೆ,

ಉಗ್ರಪ್ಪ ಮಾವ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದರೆಂದು ಬೈಯಬೇಡ ಅಕ್ಕ. ಅವ್ವನ ಕೆನ್ನೆಯ ಕ್ಯಾನ್ಸರ್ ಗಡ್ಡೆಗೆ ರೇಡಿಯಂ ಎಂಬ ಲೋಹ ತುಂಬಿದ ಏಳು ಸೂಜಿ ಚುಚ್ಚಿದ್ದರು. ಸೂಜಿಗೊಂದರಂತೆ ಬಾಯಿಂದ ಏಳು ದಾರ ಇಳಿಬಿದ್ದಿದ್ದವು, ಮಾತಾಡುವಂತಿಲ್ಲ. ಆ ಲೋಹ ಗಡ್ಡೆಯನ್ನು ಸುಡುತ್ತದಂತೆ. ಮೈಗೆ ತಾಗಿಕೊಂಡೇ ಇದ್ದರೆ ಒಳ್ಳೆಯ ಮೈಯನ್ನೂ ಬಿಡದಂತೆ.

ನಿನ್ನೆ ನರ್ಸ್ ಎಣಿಸಿದರೆ ಆರೇ ದಾರ! ಆ ಲೋಹ ಹತ್ತಿರವಿದ್ದರೆ ಕಟಕಟ ಎನ್ನುವ ಪೆಟ್ಟಿಗೆ ಹಿಡಿದು ಹಾಸಿಗೆ, ಬಚ್ಚಲು, ಕಸ ಎಲ್ಲ ಹುಡುಕಿದರು. ಕೊನೆಗೆ ಬಸ್ಸಿಗೆ ಹೊರಟಿದ್ದ ಮಾವನ ಪಕ್ಕದಲ್ಲಿ ಅದು ಒಂದೇ ಸಮನೆ ಬಡಿದುಕೊಂಡಿತು.

"ಏನಪ್ಪ ಇದು, ನಾನೇನು ಕದ್ಕಂಡು ಹೊಂಟೀನಾ?"

"ಮಾವ, ಹೆಗಲ ಮ್ಯಾಲಿನ ಕಂಬಳಿ ಕೆಳಗಿಡ್ರಿ! ಅದ್ರಾಗೆ ಸೂಜಿ ಐತೆ!" ಎಂದು ನಾನು ಕೂಗಿದೆ.

ನಮ್ಮ ಹಟ್ಟಿಯಲ್ಲಿ ಸೂಜಿಯನ್ನು ನೆಲಕ್ಕೆ ಬಿಡುತ್ತೇವೆಯೇ? ಕುರಿಯ ಕಾಲಿಗೆ ಚುಚ್ಚೀತೆಂದು ಕಂಬಳಿಯ ಅಂಚಿಗೆ ಸಿಕ್ಕಿಸುತ್ತೇವೆ. ಬಾಯಿಂದ ಜಾರಿದ ಸೂಜಿಯನ್ನು ಅವ್ವನೂ ಹಾಗೇ ಸಿಕ್ಕಿಸಿದ್ದಳು.

ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಸೀಸದ ಡಬ್ಬಿಗೆ ಹಾಕಿದರು. ಕಂಬಳಿ ಇಲ್ಲೇ ಉಳಿಯಿತು. ಮಾವನಿಗೆ ಏನೂ ಆಗಿಲ್ಲವಂತೆ. ಅವ್ವ ಗಂಜಿ ಕುಡಿಯುತ್ತಾಳೆ, ಉಳಿದ ಸೂಜಿಗಳನ್ನು ಶುಕ್ರವಾರ ತೆಗೆಯುತ್ತಾರೆ. ಕಾರ್ಡಿನಲ್ಲಿ ಜಾಗವಿಲ್ಲ.

ಕಂಬಳಿ ಕೊಡುವಾಗ ಅವ್ವ ಎರಡೂ ಕೈ ತೂಗಿ ತೋರಿಸಿದ್ದಳು, ನಿನ್ನ ಕೂಸಿನ ತೊಟ್ಟಿಲಿಗೆ ಹಾಸಲೆಂದು.

ಮುದ್ದಪ್ಪ