ಮೀನಿಲ್ಲದ ನೀರು

ಜೂನ್ 15, ಭಾನುವಾರ. ಸಂಜೆ

ಹೆಮ್ಮರಗಾಲದಿಂದ, ಹೆಂಡತಿಯ ತವರಿನಿಂದ ವಾಪಸ್. ಎಂದಿನಂತೆಯೇ. ಅತ್ತೆ ಮುದ್ದೆ ಬಡಿಸಿದರು, ಉಂಡೆ. ನಯನ ಕೋಣೆ ಬಿಟ್ಟು ಬರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು 'ಹೋಗಿ ಬರ್ತೀನಿ' ಅಂದೆ. 'ಹ್ಞೂಂ' ಅಂದಳು. ಗೋಡೆ ಕಡೆ ತಿರುಗಿಕೊಂಡೇ.

ಮೇ ತಿಂಗಳಿಂದ ಹೀಗೆ. ಅವಳಿಗೆ ಎಂಟು ತಿಂಗಳು ತುಂಬಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಅವಳಿಗೆ ಪೂರ್ತಿ ಎಚ್ಚರ ಬರುವಷ್ಟರಲ್ಲಿ ನಾನೂ ಅವಳ ಅಣ್ಣನೂ ಮಣ್ಣು ಮಾಡಿ ಬಂದಿದ್ದೆವು. ತೋರಿಸಬೇಡಿ, ನೋಡಿದರೆ ಮರೆಯೋಕಾಗಲ್ಲ ಅಂತ ಹಿರಿಯರೆಲ್ಲ ಹೇಳಿದರು. ಆಮೇಲೆ ಬಾಣಂತನಕ್ಕೆ ಅಂತ ತವರಿಗೆ... ಬಾಣಂತನ. ಇದಕ್ಕೆ ಬೇರೆ ಪದ ಇರಬೇಕಿತ್ತು.

ಅವರ ಊರಿನ ದಾರಿಯಲ್ಲಿ ಇವತ್ತೂ ಒಂದು ಕಾರು ನಿಲ್ಲಿಸಿ ಕೇಳಿದರು — ಸಂತಾನ ವೇಣುಗೋಪಾಲನ ಗುಡಿ ಯಾವ ಕಡೆ? ಹೊಸ ಜೋಡಿ. ಕೈ ತೋರಿಸಿದೆ.

ನಂಜನಗೂಡಿನಲ್ಲಿ ಮಳೆ. ಬೈಕ್ ನಿಲ್ಲಿಸಿ ಒಂದು ಅಂಗಡಿಯ ಶೀಟಿನ ಕೆಳಗೆ ನಿಂತೆ. ಒಳಗೆಲ್ಲ ಮೀನಿನ ತೊಟ್ಟಿಗಳು, ಲೈಟು, ನೀರಿನ ಗುಳುಗುಳು. ಸುಮ್ಮನೆ ನೋಡುತ್ತಾ ನಿಂತೆ. ಯಾವಾಗಲೋ ಅಂಗಡಿಯವನು ಬಂದ. ಹೆಸರು ರಂಗನಾಯಕ.

'ಸಾ, ಮಳೆ ನಿಂತು ಭಾಳ ಒತ್ತಾಯ್ತು. ಏನಾದ್ರೂ ತಗೋತೀರಾ?'

ತಗೋತೀನಿ ಅಂದುಬಿಟ್ಟೆ.

ಜೂನ್ 17, ಮಂಗಳವಾರ

ಟ್ಯಾಂಕ್ ಬಂತು, ಜೊತೆಗೆ ಕವರಿನಲ್ಲಿ ಮೀನು. ಎರಡಡಿ ಉದ್ದದ್ದು. ಗೂಡ್ಸ್ ಆಟೋದವನೂ ನಾನೂ ಸೇರಿ ಮಹಡಿಗೆ ಹತ್ತಿಸಿದೆವು. ಅರ್ಧ ದಿನ ರಜೆ ಹಾಕಿದ್ದೆ. ತಾಲ್ಲೂಕು ಕಚೇರಿಯಲ್ಲಿ ಯಾಕೆ ಅಂತ ಯಾರೂ ಕೇಳಲಿಲ್ಲ. ಈಗ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ನಡುಮನೆಯ ಮೂಲೆಯಲ್ಲಿ ಇಟ್ಟೆ. ಕೆಳಗೆ ಥರ್ಮೋಕೋಲ್. ಜಲ್ಲಿಕಲ್ಲು ತೊಳೆದೆ, ತೊಳೆದೆ, ಕೆಂಪು ನೀರು ಮುಗಿಯಲೇ ಇಲ್ಲ. ಫಿಲ್ಟರ್, ಹೀಟರ್, ಎರಡು ಪ್ಲಾಸ್ಟಿಕ್ ಗಿಡ. ನಲ್ಲಿಗೆ ಪೈಪ್ ಹಾಕಿ ನೀರು ಬಿಟ್ಟೆ.

ಮೀನನ್ನೂ ಇವತ್ತೇ ಬಿಡಬಹುದಾ ಅಂತ ರಂಗನಾಯಕನಿಗೆ ಫೋನ್ ಮಾಡಿ ಕೇಳಿದೆ. 'ಏನೂ ಆಗಕಿಲ್ಲ ಸಾ, ಬುಡಿ' ಅಂದ. ಬಿಟ್ಟೆ. ಕೆಂಪು-ನೀಲಿ ಗೆರೆಯ ಸಣ್ಣ ಟೆಟ್ರಾಗಳು, ಒಂದು ಏಂಜೆಲ್. ಏಂಜೆಲ್ ಗಾಜಿನ ಹತ್ತಿರ ಬಂದು ನನ್ನನ್ನೇ ನೋಡಿತು ಅನ್ನಿಸಿತು. ಸುಳ್ಳಿರಬಹುದು.

ಫಿಲ್ಟರ್ ಸದ್ದು ಚೆನ್ನಾಗಿದೆ. ಮನೆಯಲ್ಲಿ ನನ್ನದಲ್ಲದ ಒಂದು ಸದ್ದು.

ಜೂನ್ 19, ಗುರುವಾರ. ಬೆಳಿಗ್ಗೆ

ಎಲ್ಲಾ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಎರಡು ಟೆಟ್ರಾ ಫಿಲ್ಟರಿಗೆ ಅಂಟಿಕೊಂಡಿವೆ. ಸತ್ತು.

ರಂಗನಾಯಕನಿಗೆ ಫೋನ್. ನೀಲಿ ಔಷಧ ಹಾಕಿ ಅಂದ. ಬಾಟಲಿ ಮೊದಲೇ ಕೊಟ್ಟಿದ್ದ. ಹಾಕಿದೆ. ನೀರು ಇಂಕಿನಂತಾಯಿತು. ಈಗ ಮೀನು ಕಾಣುವುದೂ ಇಲ್ಲ.

ಜೂನ್ 21, ಶನಿವಾರ

ಒಂದೂ ಉಳಿಯಲಿಲ್ಲ. ಏಂಜೆಲ್ ಕಡೆಯದು. ಮಗ್ಗುಲಾಗಿ ಮಲಗಿ ಕಿವಿರು ಆಡಿಸುತ್ತಿತ್ತು. ಆಫೀಸಿಗೆ ಹೋಗದೆ ಪಕ್ಕದಲ್ಲೇ ಕೂತಿದ್ದೆ. ಏನು ಮಾಡಬೇಕೋ ತಿಳಿಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೂ ಹೀಗೇ ಕೂತಿದ್ದೆ.

ಸಂಜೆ ರಂಗನಾಯಕ ತಾನೇ ಫೋನ್ ಮಾಡಿದ. 'ಬೇಜಾರ್ ಮಾಡ್ಕಬೇಡಿ ಸಾ. ಬನ್ನಿ, ಬೇರೆ ಕೊಡ್ತೀನಿ.' ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೂ ಫೋನ್ ಕಟ್ ಮಾಡಿದೆ. ಆಫೀಸಿನಲ್ಲಿ ಗಂಗಾಧರಸ್ವಾಮಿಯೂ ಭುಜ ತಟ್ಟಿ ಇದನ್ನೇ ಅಂದಿದ್ದ — 'ವಯಸ್ಸೈತೆ ಕಣ್ಲಾ ನಂಜುಂಡೇಶ, ಇನ್ನೊಂದಾಯ್ತದೆ ಬುಡು.' ಅವತ್ತು ನಕ್ಕು ತಲೆಯಾಡಿಸಿದ್ದೆ.

ಜೂನ್ 22, ಭಾನುವಾರ

ಹೆಮ್ಮರಗಾಲ. ಅತ್ತೆಗೆ ಹೇಳಿದೆ, ಮೀನು ತಂದಿದ್ದೆ ಅಂತ. ಹೌಹಾರಿದರು.

'ಸಿವ ಸಿವಾ! ಲಿಂಗ ಕಟ್ಟೋರ ಮನೇಲಿ ಮೀನಾ?'

'ಸಾಕೋಕೆ ಅತ್ತೆ. ಗಾಜಿನ ತೊಟ್ಟೀಲಿ.'

'ಅಂಗನ್ನಿ ಮತ್ತೆ... ಎದೆ ಒಡ್ದೋಯ್ತು ನಂಗೆ. ಎಂಗವೆ?'

ಸತ್ತವು ಅನ್ನಲು ಬಾಯಿ ಬರಲಿಲ್ಲ. ಕೋಣೆಯ ಬಾಗಿಲು ತೆರೆದಿತ್ತು. ಚೆನ್ನಾಗಿವೆ ಅಂದೆ.

ಜೂನ್ 30, ಸೋಮವಾರ

ಒಂದು ವಾರದಿಂದ ವಿಡಿಯೋ ನೋಡುತ್ತಿದ್ದೇನೆ. ತಿಳಿಯಿತು. ಹೊಸ ನೀರು ಬರೀ ನೀರು. ಅದರಲ್ಲಿ ಮೀನು ಬದುಕುವುದಿಲ್ಲ. ಮೀನಿನ ಕೊಳೆಯಿಂದ ಅಮೋನಿಯಾ ಆಗುತ್ತದೆ, ವಿಷ. ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ತಾನಾಗಿಯೇ ಮನೆ ಮಾಡಿಕೊಳ್ಳಬೇಕು. ತಿಂಗಳು ಹಿಡಿಯಬಹುದು, ಹೆಚ್ಚೂ ಆಗಬಹುದು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಆಹಾರ ಹಾಕಬೇಕು. ಅದು ಕೊಳೆತದ್ದೇ ಬ್ಯಾಕ್ಟೀರಿಯಾಕ್ಕೆ ಊಟ. ನಲ್ಲಿ ನೀರಿನ ಕ್ಲೋರಿನ್ ಅದನ್ನೂ ಕೊಲ್ಲುತ್ತದೆ, ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಬಿಟ್ಟು ಹಾಕಬೇಕು.

ನೀಲಿ ನೀರೆಲ್ಲ ಚೆಲ್ಲಿ ಮೊದಲಿಂದ ಶುರು ಮಾಡಿದ್ದೇನೆ.

ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಖಾಲಿ ತೊಟ್ಟಿಗೆ ಊಟ ಹಾಕುತ್ತೇನೆ. ಯಾರಾದರೂ ನೋಡಿದರೆ ಹುಚ್ಚ ಅಂದುಕೊಳ್ಳುತ್ತಾರೆ. ನೋಡಲು ಯಾರಿದ್ದಾರೆ.

ಜುಲೈ 13, ಭಾನುವಾರ

ನೀರು ಹಾಲಿನಂತೆ ಮಬ್ಬು. ಮಬ್ಬಾಗುವುದು ಒಳ್ಳೆಯದೇ ಅಂತೆ, ಮುಟ್ಟಬಾರದಂತೆ. ಟೆಸ್ಟ್ ಕಿಟ್ ತರಿಸಿದ್ದೇನೆ. ಕಡು ಹಸಿರು. ಇನ್ನೂ ವಿಷ. ಹಳದಿಗೆ ಬಂದರೆ ಅಮೋನಿಯಾ ಹೋಯಿತು ಅಂತ ಅರ್ಥ.

ಹೆಮ್ಮರಗಾಲಕ್ಕೆ ಹೋಗಿದ್ದೆ. ನಯನ ನಿದ್ದೆ ಮಾಡುತ್ತಿದ್ದಳು, ಅಥವಾ ಹಾಗೆ ಕಂಡಳು. ಹಿತ್ತಲಲ್ಲಿ ಅವಳ ಸೀರೆ ಒಣಗುತ್ತಿತ್ತು. ಅದನ್ನು ಮಡಿಸಿ ಕಟ್ಟೆಯ ಮೇಲಿಟ್ಟು ಬಂದೆ.

ಆಗಸ್ಟ್ 3, ಭಾನುವಾರ. ಸಂಜೆ

ಮೂರು ದಿನದಿಂದ ಟೆಸ್ಟ್ ಹಳದಿ. ಶುದ್ಧ ಹಳದಿ. ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಫೋನ್ ತೆಗೆದೆ, ಹೆಸರುಗಳನ್ನೆಲ್ಲ ಒಮ್ಮೆ ಮೇಲಿಂದ ಕೆಳಗೆ ತಳ್ಳಿ ನೋಡಿದೆ, ಇಟ್ಟೆ.

ಹೆಮ್ಮರಗಾಲದಿಂದ ಬರುವಾಗ ನಂಜನಗೂಡಿನಲ್ಲಿ ಬೈಕ್ ನಿಲ್ಲಿಸಿದೆ. ಈ ಸಲ ಗಪ್ಪಿಗಳು. ಗಟ್ಟಿ ಜಾತಿ. ಒಂದು ಗಂಡು, ಬಾಲ ರಂಗುರಂಗು. ಎರಡು ಹೆಣ್ಣು, ಬೂದಿ ಬಣ್ಣ. ಕವರನ್ನು ಶರ್ಟಿನೊಳಗೆ ಹಾಕಿಕೊಂಡು ಬೈಕ್ ಓಡಿಸಿದೆ. ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು. ಹಂಪ್ ಬಂದಾಗಲೆಲ್ಲ ನಿಧಾನ.

ಬಿಟ್ಟೆ. ಮೂರೂ ತಳಕ್ಕೆ ಹೋಗಿ ಕಲ್ಲು ಕೆದಕಿದವು. ಮೇಲೆ ಬಂದು ಬಾಯಿ ಬಿಡಲಿಲ್ಲ.

ಆಗಸ್ಟ್ 20, ಬುಧವಾರ. ಬೆಳಿಗ್ಗೆ



ಒಂದು ಹೆಣ್ಣು ಗಪ್ಪಿಯ ಹೊಟ್ಟೆ ಚೌಕವಾಗಿ ಊದಿತ್ತು, ಬಾಲದ ಬುಡದಲ್ಲಿ ಕಪ್ಪು ಕಲೆ. ಕಾಯಿಲೆ ಅಂದುಕೊಂಡಿದ್ದೆ. ಲೈಟ್ ಹಾಕಿದರೆ ನೀರಿನಲ್ಲಿ ಸಾಸಿವೆಯಂಥ ಏನೋ ಓಡಾಡುತ್ತಿದೆ. ಬಗ್ಗಿ ನೋಡಿದೆ. ಕಣ್ಣುಗಳು. ಎರಡೆರಡು ಕಣ್ಣು, ಹಿಂದೆ ಒಂದು ಎಳೆ ಬಾಲ. ಮರಿಗಳು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಅಂತ ರಂಗನಾಯಕ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೋಡುತ್ತಿದ್ದಂತೆ ಹೆತ್ತವಳೇ ತಿರುಗಿ ಒಂದನ್ನು ನುಂಗಿದಳು. ಆಮೇಲೆ ಇನ್ನೊಂದು.

ಟೀ ಸೋಸುವ ಜಾಲರಿ ತಂದು ಸಿಕ್ಕಿದಷ್ಟನ್ನು ಎತ್ತಿದೆ. ಪ್ಲಾಸ್ಟಿಕ್ ಡಬ್ಬಿಗೆ ತೂತು ಮಾಡಿ, ಅದರೊಳಗೆ ಬಿಟ್ಟು, ಅದೇ ನೀರಿನ ಮೇಲೆ ತೇಲಿಸಿದ್ದೇನೆ. ಸ್ಪೀಡ್ ಪೋಸ್ಟಿನವನು ಬಂದು ಬಾಗಿಲು ಬಡಿದು ಹೋದ. ತೆರೆಯಲಿಲ್ಲ.

ನಯನಳಿಗೆ ಹೇಳುವುದೋ ಬೇಡವೋ.

ಬೇಡ.

ಆಗಸ್ಟ್ 21, ಗುರುವಾರ

ಹೇಳಿಬಿಟ್ಟೆ. ಅವಳಿಗಲ್ಲ, ಅತ್ತೆಗೆ. ಗೌರಿ ಹಬ್ಬಕ್ಕೆ ಬನ್ನಿ ಅಂತ ಫೋನ್ ಮಾಡಿದ್ದರು. ನಯನ ಸರಿಯಾಗಿ ಉಣ್ಣುತ್ತಿಲ್ಲ, ಹೊಸ ಸೀರೆ ಬೇಡ ಅಂದಳು ಅಂತ ಅತ್ತರು. ಸಮಾಧಾನಕ್ಕೆ ಏನು ಹೇಳಲಿ? ಬಾಯಿಗೆ ಅದೇ ಬಂತು. ಮೀನು ಮರಿ ಹಾಕಿದೆ, ತಾಯಿ ತಿನ್ನುತ್ತಿತ್ತು, ಕೆಲವನ್ನು ಎತ್ತಿಟ್ಟೆ.

'ಅದ್ಕಾರಾ ಉಳ್ಕಂಡ್ವಲ್ಲ ಬುಡಿ' ಅಂದರು. ಅವರ ದನಿಯ ಹಿಂದೆ ಬಳೆ ಸದ್ದು. ಪಕ್ಕದಲ್ಲೇ ಇದ್ದಳು ಅನ್ನಿಸುತ್ತದೆ. ಸ್ಪೀಕರ್ ಆನ್ ಇತ್ತೇನೋ. ಅತ್ತೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

ಆಗಸ್ಟ್ 24, ಭಾನುವಾರ

ನಯನ ಜಗಲಿಗೆ ಬಂದಳು. ಮೇ ನಂತರ ಮೊದಲ ಸಲ. ತುಂಬಾ ಇಳಿದುಹೋಗಿದ್ದಾಳೆ. ಕಂಬಕ್ಕೆ ಒರಗಿ ಕೂತಳು.

'ಮರಿ ಆಯ್ತಂತೆ.'

'ಹ್ಞೂಂ.'

'ತಾಯಿ ತಿಂದ್ಬುಡ್ತಂತೆ.'

'ಎಲ್ಲಾ ಅಲ್ಲ. ಕೆಲವನ್ನ ಎತ್ತಿಟ್ಟಿದೀನಿ.'

'ಎತ್ತಿಟ್ಟಿದ್ದು ತಾಯಿಗೆ ಗೊತ್ತಾ?'

ನೀರಿನ ಲೋಟ ಕೆಳಗಿಟ್ಟೆ.

'ಗೊತ್ತಿರಲ್ಲ ಬಿಡಿ. ಅದಕ್ಯಾಕೆ ತೋರಿಸ್ಬೇಕು. ನೀವು ನೋಡಿದ್ರಲ್ಲ, ಸಾಕು.'

ಜೋರಾಗಿ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ದಾರಿಯಲ್ಲಿ, ಕಬ್ಬಿನ ಗದ್ದೆಯ ಹತ್ತಿರ ಬೈಕ್ ನಿಲ್ಲಿಸಿ ಬಹಳ ಹೊತ್ತು ಕೂತೆ. ಬೇರೆಯವರು ಏನು ಬೇಕಾದರೂ ಹೇಳಲಿ. ಮಗುವಿನ ಆ ಮುಖ ಇರುವುದು ನನ್ನೊಬ್ಬನ ತಲೆಯಲ್ಲಿ. ಅವಳ ಅಣ್ಣ ಕಣ್ಣು ಮುಚ್ಚಿಕೊಂಡೇ ಮಣ್ಣು ಎಳೆದ. ಬಟ್ಟೆ ಸರಿಸಿ ನೋಡಿದವನು ನಾನು. ಇಲ್ಲಿ ಬರೆದಿಡಲೂ ಕೈ ಬಂದಿಲ್ಲ. ದಿನಾ ಹೊತ್ತುಕೊಂಡು ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ. ಅವಳ ನೋವು ಅವಳದು, ನನ್ನದು ನನಗೆ ಅಂದುಕೊಂಡಿದ್ದೆ. ಅವಳು ಬೇಡಿದ್ದು ಇದನ್ನೇ ಅಂತ ತಿಳಿಯಲಿಲ್ಲ.

ಆಗಸ್ಟ್ 31, ಭಾನುವಾರ

ಹೋಗಲಿಲ್ಲ. ಧೈರ್ಯವಾಗಲಿಲ್ಲ. ನಯನಳ ವಾಟ್ಸಾಪಿಗೆ ಮರಿಗಳ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು. ಅಷ್ಟೇ.

ಸೆಪ್ಟೆಂಬರ್ 4, ಗುರುವಾರ. ಸಂಜೆ

ಸೋಮನಾಥಪುರದಲ್ಲಿ ಹೊಲದ ಗಡಿ ಗುರುತಿಸುವ ಹದ್ದುಬಸ್ತು ಇತ್ತು. ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಜಗಳ. ಅಳತೆ ಮುಗಿಸಿ ಬಂದಾಗ ಐದೂವರೆ. ಮೆಟ್ಟಿಲ ಮೇಲೆ ಚಪ್ಪಲಿ. ಒಂದೇ ಜೊತೆ. ಹೆಂಗಸರದು.

ನಯನ ಒಬ್ಬಳೇ ಬಂದಿದ್ದಳು. ನಂಜನಗೂಡಿಗೆ ಬಂದು ಬಸ್ ಬದಲಾಯಿಸಿ. ಅವಳ ಬೀಗದ ಕೈ ಅವಳ ಹತ್ತಿರವೇ ಇತ್ತಲ್ಲ, ನನಗೆ ನೆನಪೇ ಇರಲಿಲ್ಲ. ಬ್ಯಾಗ್ ಬಿಚ್ಚಿರಲಿಲ್ಲ. ಟ್ಯಾಂಕಿನ ಮುಂದೆ ನೆಲದ ಮೇಲೆ ಕೂತಿದ್ದಳು. ನಾನು ಒಳಗೆ ಬಂದರೂ ತಿರುಗಲಿಲ್ಲ.

'ನಿಮ್ಮಮ್ಮನಿಗೆ ಹೇಳಿ ಬಂದೆಯಾ?' ಅಂದೆ. ಮೊದಲ ಮಾತು ಅದು. ಛೆ.

'ಹೇಳಿದೀನಿ. ಈ ಮೀನು ಯಾಕೆ ಒಂದು ಮೂಲೇಲೇ ಇದೆ?'

'ಅದು ಹಾಗೇ. ಆಮೇಲೆ ಬರುತ್ತೆ.'

ನಾನೂ ಪಕ್ಕದಲ್ಲಿ ಕೂತೆ. ಬೂಟಿನ ಮಣ್ಣು ಹಾಗೇ ಇತ್ತು. ತೊಟ್ಟಿಯ ಬೆಳಕು ಅವಳ ಮುಖದ ಮೇಲೆ ಆಡುತ್ತಿತ್ತು. ಡಬ್ಬಿಯೊಳಗಿನ ಮರಿಗಳು ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಆಮೇಲೆ ಅವಳೇ ಅಂದಳು —

'ನೀವು ನೋಡಿದೀರಿ. ಹೇಳಿ ನಂಗೆ.'

ಎಲ್ಲಿಂದ ಶುರು ಮಾಡುವುದು.

'ಕೂದಲು ತುಂಬಾ ಇತ್ತು' ಅಂದೆ. 'ಕಪ್ಪಗೆ. ಹಣೆಗೆ ಅಂಟಿಕೊಂಡಿತ್ತು.'

'ಬಣ್ಣ?'

'ನಿನ್ನದೇ. ಗಲ್ಲ ಮಾತ್ರ ನಿಮ್ಮಮ್ಮನದು. ಗುಳಿ ಇತ್ತು.'

'ಅಮ್ಮನಿಗೆ ಹೇಳಿದ್ರಾ?'

'ಯಾರಿಗೂ ಹೇಳಿಲ್ಲ.'

'ಅಳುಮುಖ ಇತ್ತಾ?'

'ಇಲ್ಲ. ನಿದ್ದೆ ಮಾಡೋ ಹಾಗೆ. ಯಾರೋ ಬೈದಿದ್ದಕ್ಕೆ ಮುನಿಸಿಕೊಂಡು ಮಲಗಿದ ಹಾಗೆ, ತುಟಿ ಒಂಚೂರು ಮುಂದೆ...'

ಅಷ್ಟಕ್ಕೆ ಅವಳು ನನ್ನ ಭುಜಕ್ಕೆ ಹೊಡೆದಳು. ಮುಷ್ಟಿಯಿಂದ, ಮತ್ತೆ ಮತ್ತೆ. 'ಒಂದ್ಸಲ ತೋರಿಸ್ಬಾರದಿತ್ತಾ, ಒಂದೇ ಒಂದ್ಸಲ.' ಹೊಡೆಸಿಕೊಂಡೆ. ನಾನೂ ಅತ್ತುಬಿಟ್ಟೆ. ಇಷ್ಟು ದಿನ ಅತ್ತಿರಲಿಲ್ಲ. ಅಳು ಬರುವುದೂ ಗೊತ್ತಾಗಲಿಲ್ಲ, ಶರ್ಟು ಒದ್ದೆಯಾಗಿತ್ತು.

ಬೆಳಿಗ್ಗೆ ಇರುತ್ತಾಳೋ, ಮೊದಲ ಬಸ್ಸಿಗೆ ಹೊರಡುತ್ತಾಳೋ, ತಿಳಿಯದು. ಕೇಳಿಲ್ಲ. ಬ್ಯಾಗ್ ಇನ್ನೂ ಬಿಚ್ಚಿಲ್ಲ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅನ್ನಕ್ಕೆ ಇಟ್ಟಿದ್ದೇನೆ. ಬೇಳೆ ಬೇಯಬೇಕು. ನಡುಮನೆಯಲ್ಲಿ ಸದ್ದಿಲ್ಲ ಅಂದುಕೊಂಡೆ, ಆದರೆ ನಯನ ಬಂದು ಬಾಗಿಲಲ್ಲೇ ನಿಂತಿದ್ದಾಳೆ.

'ಏನ್ ಬರೀತಿದೀರಿ?'

'ಏನಿಲ್ಲ.'

'ಬೆರಳು ಹೇಗಿದ್ವು, ಹೇಳ್ಲೇ ಇಲ್ಲ ನೀವು.'

ಹೇಳಬೇಕು. ಉದ್ದ ಬೆರಳು, ಒಂದು ಕೈ ಹೀಗೆ ಮಡಿಸಿ... ಪೆನ್ನು ಇಡುತ್ತೇನೆ, ಕೈಯಲ್ಲೇ ತೋರಿಸಬೇಕು.