ಟ್ಯೂಬ್ ಮಡಚಿಕೊಂಡಿರಲಿಲ್ಲ

ಕಿವಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕನ ಬಲಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಶಕ್ತಿಯನ್ನು ನೀವು ಸಭಾಂಗಣ ತುಂಬ ಕೂತಿದ್ದ ಜನರ ಕಣ್ಣೆದುರೇ ಕೊಂದಿರಿ. ಅದು ಹೋಗುತ್ತಿದೆ ಎಂದು ಯಂತ್ರ ಬಾಯಿಬಿಟ್ಟು ಹೇಳಿತು. ನೀವು ಯಂತ್ರದ ಬಾಯಿ ಮುಚ್ಚಿಸಿದಿರಿ. ಈಗ ಅದೇ ಯಂತ್ರವನ್ನು ಹೇಗೆ ಬಳಸಬೇಕೆಂದು ಉಳಿದ ವೈದ್ಯರಿಗೆಲ್ಲ ಪಾಠ ಹೇಳುವ ನಿಯಮಾವಳಿ ಸಮಿತಿಗೆ ನಿಮ್ಮನ್ನೇ ಅಧ್ಯಕ್ಷರನ್ನಾಗಿ ನೇಮಿಸಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಅಭಿನಂದನೆಗಳು. ಫೋಟೋ ಚೆನ್ನಾಗಿ ಬಂದಿದೆ. ಸಾಕಿದ ನಾಯಿಯ ತಲೆ ಸವರುವವರ ಹಾಗೆ ನೀವು ಆ ಯಂತ್ರದ ಮೇಲೆ ಕೈಯಿಟ್ಟು ನಗುತ್ತಿದ್ದೀರಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯ ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನನಗೆ ಬೇಕಾಗಿರುವುದು ಸೇಡು. ಮುಂದೆ ಅಲ್ಲಲ್ಲಿ 'ತಾವು', 'ದಯವಿಟ್ಟು' ಮುಂತಾದ ಮಾತುಗಳು ಬಂದರೆ ಅಪ್ಪಿತಪ್ಪಿಯೂ ನಿಜವೆಂದು ತಿಳಿಯಬೇಡಿ. ಅವು ಪತ್ರ ಬರೆಯುವ ಅಭ್ಯಾಸದಿಂದ ಬಂದವು ಅಷ್ಟೆ.

ಇದು ಬಹಿರಂಗ ಪತ್ರವಾದ್ದರಿಂದ ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳಬೇಕಾಗಿದೆ. ಕಿವಿ ಮಂದವಾದವರಿಗೆ ಮಾತು ಕೇಳಿಸಲೆಂದು ಇಂಪ್ಲಾಂಟ್ ಹಾಕುವಾಗ ಒಳಕಿವಿಯ ಸುರುಳಿಯೊಳಗೆ ತೆಳ್ಳನೆಯ ತಂತಿಯೊಂದನ್ನು ತೂರಿಸುತ್ತಾರೆ. ಪೂರ್ತಿ ಕೇಳದವರಿಗೆ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಆದರೆ ಹಲವರಿಗೆ ದಪ್ಪ ಸದ್ದುಗಳು ಇನ್ನೂ ಕೇಳುತ್ತಿರುತ್ತವೆ. ಗಂಡಸರ ದನಿ, ಬಾಗಿಲು ಬಡಿದದ್ದು, ಬಸ್ಸಿನ ಇಂಜಿನ್ನು. ತಂತಿ ಒರಟಾಗಿ ಹೋದರೆ ಅದೂ ಹೋಗುತ್ತದೆ. ಇದನ್ನು ತಪ್ಪಿಸಲು ಯಾರೋ ಪುಣ್ಯಾತ್ಮರು ಒಂದು ಉಪಾಯ ಕಂಡುಹಿಡಿದರು. ಶಸ್ತ್ರಚಿಕಿತ್ಸೆ ನಡೆಯುವಾಗಲೇ ಸಣ್ಣ ಟ್ಯೂಬಿನ ಮೂಲಕ ಕಿವಿಗೆ ಒಂದು ದನಿಯನ್ನು ಬಿಡುತ್ತಾರೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೂ ಒಳಕಿವಿ ಅದಕ್ಕೆ ಮಿಡಿಯುತ್ತದೆ. ಒಳಗೆ ಸಾಗುತ್ತಿರುವ ತಂತಿಯೇ ಆ ಮಿಡಿತವನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತದೆ, ಯಂತ್ರ ಅದನ್ನು ಕೋಣೆಯಲ್ಲಿರುವವರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತದೆ. ತಂತಿ ಸರಿಯಾಗಿ ಸಾಗಿದರೆ ಸದ್ದು ಏರುತ್ತದೆ. ಥಟ್ಟನೆ ಇಳಿದರೆ ತಂತಿ ಒಳಗೆ ಏನನ್ನೋ ಒತ್ತುತ್ತಿರಬಹುದು ಎಂದರ್ಥ. ಕೈ ನಿಲ್ಲಿಸಿ ತುಸು ಹಿಂದೆಳೆದರೆ ಎಷ್ಟೋ ಸಲ ಸದ್ದು ಮರಳಿ ಬರುತ್ತದಂತೆ. ಇಷ್ಟನ್ನೂ ನಮಗೆ ವಿವರಿಸಿದವರು ನೀವೇ, ನಿಮ್ಮ ಕೋಣೆಯಲ್ಲಿ ಪ್ಲಾಸ್ಟಿಕ್ ಕಿವಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು.

ಅಕ್ಕ ನೀರಿಗೆ ಹೆದರುವ ದೊಡ್ಡವರಿಗೆ ಈಜು ಕಲಿಸುತ್ತಿದ್ದಳು. ಮಕ್ಕಳಿಗೆ ಯಾರು ಬೇಕಾದರೂ ಕಲಿಸಬಹುದು, ಅವು ಕಪ್ಪೆಮರಿಗಳಿದ್ದಂತೆ ಎನ್ನುತ್ತಿದ್ದಳು. ಮೊಮ್ಮಕ್ಕಳನ್ನು ಕಂಡವರು ಎದೆಮಟ್ಟದ ನೀರಿನಲ್ಲಿ ನಿಂತು ಕಂಬಿ ಬಿಡದೆ ನಡುಗುವಾಗ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು ಅವಳ ಕೆಲಸ. ನೀರಿಗಿಳಿಯುವ ಮೊದಲು ಶ್ರವಣಯಂತ್ರವನ್ನು ತೆಗೆದು ಡಬ್ಬಿಯಲ್ಲಿಡುತ್ತಿದ್ದಳು. ಬರಿಗಿವಿಯಲ್ಲಿ ಅವಳಿಗೆ ಮಾತು ತಿಳಿಯುತ್ತಿರಲಿಲ್ಲ, ಆದರೆ ಬೆನ್ನ ಹಿಂದೆ ಯಾರಾದರೂ ಗಾಬರಿಯಿಂದ ನೀರನ್ನು ಬಡಿದರೆ ಕೇಳುತ್ತಿತ್ತು. ಆ ಬಡಿತದಲ್ಲೇ ಆಟ ಯಾವುದು, ಮುಳುಗುವ ಭಯ ಯಾವುದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಬಲಗಿವಿಯಲ್ಲಿ ಚೆನ್ನಾಗಿ, ಎಡಗಿವಿಯಲ್ಲಿ ಅರೆಬರೆ. ಅವಳ ವೃತ್ತಿ ನಿಂತಿದ್ದುದು ಆ ಬಲಗಿವಿಯ ಮೇಲೆ.

ಹಾಗಾದರೆ ಇಂಪ್ಲಾಂಟನ್ನು ಮೊದಲು ಎಡಗಿವಿಗೆ ಹಾಕಬೇಕಿತ್ತಲ್ಲವೇ? ಭಾವ ಅದನ್ನೇ ಕೇಳಿದರು. ನೀವು ನಕ್ಕಿರಿ. ಎಡಗಿವಿಯಲ್ಲಿ ಮಿಡಿತ ಕ್ಷೀಣ, ಯಂತ್ರಕ್ಕೆ ಅಳೆಯಲು ಏನೂ ಸಿಗುವುದಿಲ್ಲ, ಬಲಗಿವಿಯಾದರೆ ಸೊಗಸಾಗಿ ತೋರುತ್ತದೆ ಎಂದಿರಿ. ಅಳತೆ ಇರುವಾಗ ಅಪಾಯ ಎಲ್ಲಿಂದ ಬರಬೇಕು ಎಂದಿರಿ. ನಾವು ಮೂವರೂ ಕೋಲೆಬಸವನ ಹಾಗೆ ತಲೆಯಾಡಿಸಿದೆವು. ಸೊಗಸಾಗಿ ತೋರಬೇಕಾಗಿದ್ದುದು ಯಾರಿಗೆ ಎಂದು ನಮಗೆ ಹೊಳೆಯಲಿಲ್ಲ. ಪ್ರಾತ್ಯಕ್ಷಿಕೆಯ ಆಹ್ವಾನಪತ್ರಿಕೆ ಅಷ್ಟರಲ್ಲಿ ಅಚ್ಚಾಗಿತ್ತೆಂದು ನಮಗೆ ಆಮೇಲೆ ತಿಳಿಯಿತು.

ನಿಮ್ಮ ಔದಾರ್ಯವನ್ನೂ ಹೇಳಬೇಕು. ಶಸ್ತ್ರಚಿಕಿತ್ಸೆಯನ್ನು ಸಭಾಂಗಣದ ತೆರೆಯ ಮೇಲೆ ನೇರವಾಗಿ ತೋರಿಸುವಾಗ ಮನೆಯವರೂ ಬಂದು ನೋಡಲಿ ಎಂದಿರಿ. ಭಾವನೂ ನಾನೂ ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಬೇರೆ ಬೇರೆ ಆಸ್ಪತ್ರೆಗಳ ವೈದ್ಯರು, ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ಕಾಫಿ ಲೋಟ. ತೆರೆಯ ಒಂದು ಭಾಗದಲ್ಲಿ ಅಕ್ಕನ ಕಿವಿ, ಇನ್ನೊಂದು ಭಾಗದಲ್ಲಿ ಯಂತ್ರದ ಮುಂದೆ ಕೂತ ಶ್ರವಣತಜ್ಞೆ. ತಂತಿ ಒಳಗೆ ಹೋದಂತೆ ಸದ್ದು ಏರತೊಡಗಿತು. ಭಾವ ನನ್ನ ಮೊಣಕೈ ಹಿಡಿದುಕೊಂಡರು. ಒಳಗೆ ಅವಳ ಕಿವಿ ಜೀವಂತವಾಗಿದೆ, ಅದು ಹೊರಗಿನವರಿಗೂ ಕೇಳುತ್ತಿದೆ ಎನ್ನುವುದು ಎಂಥ ಸಂಗತಿ ನೋಡಿ. ಆ ಉಪಾಯ ಕಂಡುಹಿಡಿದವರ ಕಾಲಿಗೆ ಬೀಳಬೇಕು ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆಮೇಲೆ ಸದ್ದು ಇಳಿಯಿತು. ಶ್ರವಣತಜ್ಞೆ ತಲೆಯೆತ್ತಿ, ಸಿಗ್ನಲ್ ಬಿದ್ದಿದೆ ಸರ್ ಎಂದರು. ನೀವು ಕೈಯನ್ನೂ ನಿಲ್ಲಿಸಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲ.

"ಟ್ಯೂಬ್ ಮಡಚ್ಕೊಂಡಿರತ್ತೆ" ಎಂದಿರಿ ಮೈಕಿನಲ್ಲಿ. "ನಮ್ಮ ಥಿಯೇಟರಲ್ಲಿ ಇದು ಮಾಮೂಲು."

ಮಾಮೂಲು ಯಾಕೆಂದು ನೀವೇ ಅತಿಥಿಗಳಿಗೆ ತಮಾಷೆಯಾಗಿ ವಿವರಿಸಿದಿರಿ. ಕ್ಯಾಮೆರಾ ಇರುವ ದಿನ ಟ್ಯೂಬು ಚಿತ್ರದಲ್ಲಿ ಅಡ್ಡ ಬರುತ್ತದೆ, ಆದ್ದರಿಂದ ಅದನ್ನು ಹಸಿರು ಬಟ್ಟೆಯ ಕೆಳಗೆ ಕತ್ತಿನ ಬಳಿ ತಿರುಗಿಸಿ ಅಂಟುಪಟ್ಟಿ ಹಾಕುತ್ತೀರಿ, ಅಲ್ಲಿ ಅದು ಆಗಾಗ ಮಡಚಿಕೊಳ್ಳುತ್ತದೆ, ದನಿ ಕಿವಿಗೆ ಹೋಗದೆ ಸಿಗ್ನಲ್ ಬೀಳುತ್ತದೆ. ಜನ ನಕ್ಕರು. ಶ್ರವಣತಜ್ಞೆ ನಗಲಿಲ್ಲ. "ಬಟ್ಟೆ ಎತ್ತಿ ಒಂದ್ಸಲ ನೋಡ್ಬಿಡ್ತೀನಿ ಸರ್" ಎಂದರು. ಈಗ ಬಟ್ಟೆ ಎತ್ತಿದರೆ ಕ್ಯಾಮೆರಾ ಅಲುಗಾಡುತ್ತದೆ, ಊಟದ ಹೊತ್ತಾಯಿತು ಎಂದಿರಿ ನೀವು. ಯಂತ್ರ ಮಾತ್ರ ತನ್ನ ಎಚ್ಚರಿಕೆಯನ್ನು ಬಿಡದೆ ಹೇಳುತ್ತಿತ್ತು. ಅದರ ಸೌಂಡ್ ಆಫ್ ಮಾಡಲು ಹೇಳಿದಿರಿ. ಮಾಡಿದರು. ತಂತಿ ಪೂರ್ತಿ ಒಳಗೆ ಹೋಯಿತು, ಚಪ್ಪಾಳೆ ಬಿತ್ತು.

ಅತಿಥಿಗಳು ಊಟಕ್ಕೆ ಎದ್ದರು, ನೀವೂ ಕೈಗವಸು ಕಳಚಿ ಹೋದಿರಿ. ಕ್ಯಾಮೆರಾ ಆರಿಸುವುದನ್ನು ಯಾರೋ ಮರೆತರು. ಖಾಲಿ ಕುರ್ಚಿಗಳ ಹಿಂದೆ ಭಾವನೂ ನಾನೂ ಕೂತೇ ಇದ್ದೆವು, ಅಕ್ಕನನ್ನು ವಾರ್ಡಿಗೆ ತರುವವರೆಗೆ ಎಲ್ಲಿಗೆ ಹೋಗುವುದೆಂದು ತಿಳಿಯದೆ. ಶ್ರವಣತಜ್ಞೆ ಬಟ್ಟೆ ಎತ್ತಿದರು. ಕತ್ತಿನ ಬಳಿಯ ಅಂಟುಪಟ್ಟಿ ಬಿಡಿಸಿದರು. ಟ್ಯೂಬ್ ಎಲ್ಲಿಯೂ ಮಡಚಿರಲಿಲ್ಲ. ಅದನ್ನು ದೀಪಕ್ಕೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದರು, ತಮ್ಮ ಅಂಗೈ ಮೇಲೆ ಊದಿದರು, ಮತ್ತೊಮ್ಮೆ ನೋಡಿ ತಟ್ಟೆಯಲ್ಲಿಟ್ಟರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಭಾವ ನನ್ನನ್ನು ನೋಡಿ, "ಏನಾಯ್ತೋ?" ಎಂದು ಕೇಳಿದರು. ನನಗೆ ಗೊತ್ತಿತ್ತು.

ನಿಮ್ಮ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಅದನ್ನೇ ಹಿಡಿದು ನೇತಾಡುತ್ತೀರಿ. ಇಂಪ್ಲಾಂಟ್ ಕೆಲಸ ಮಾಡುತ್ತಿದೆ. ಕಿವಿಯ ಹಿಂದೆ ಅದರ ಹೊರಗಿನ ಯಂತ್ರವನ್ನು ಹಾಕಿಕೊಂಡಾಗ ಅಕ್ಕನಿಗೆ ಮಾತು ಮೊದಲಿಗಿಂತ ಸ್ಪಷ್ಟ, ಫೋನಿನಲ್ಲಿ ನನ್ನನ್ನು ಬೈಯುವಷ್ಟು ಸ್ಪಷ್ಟ. ಆದರೆ ಅದನ್ನು ತೆಗೆದಿಟ್ಟು ನೀರಿಗಿಳಿದರೆ ಬಲಗಡೆ ಕಲ್ಲು. ಮತ್ತೆ ಕೆಲಸಕ್ಕೆ ಹೋದ ಮೊದಲ ವಾರವೇ ಅವಳ ಬಲಗಡೆ ಹೆಂಗಸೊಬ್ಬರು ಕಾಲು ಜಾರಿ ನೀರು ಕುಡಿದರು. ಅವರು ಕೈ ಬಡಿದದ್ದು, ಕೂಗಿದ್ದು ಯಾವುದೂ ಅಕ್ಕನಿಗೆ ಕೇಳಲಿಲ್ಲ. ಎದುರಿಗಿದ್ದವರ ಮುಖ ನೋಡಿ ಅವಳು ತಿರುಗುವಷ್ಟರಲ್ಲಿ ಬೇರೊಬ್ಬರು ಹಾರಿ ಎತ್ತಿದ್ದರು. ಆ ಹೆಂಗಸಿಗೆ ಏನೂ ಆಗಲಿಲ್ಲ. ಅಕ್ಕ ಮಾತ್ರ ಅಂದೇ ಹೋಗಿ ತಾನಾಗಿ ಕೆಲಸ ಬಿಟ್ಟಳು. ಈಗ ಅದೇ ಕೊಳದ ಬಾಗಿಲಲ್ಲಿ ಕೂತು ಲಾಕರಿನ ಬೀಗದ ಕೈ ಕೊಡುತ್ತಾಳೆ. ಹಳೆಯ ಶಿಷ್ಯರು ಒದ್ದೆ ತಲೆಯಲ್ಲಿ ಹೊರಬಂದು ಇವತ್ತು ಕಂಬಿ ಬಿಟ್ಟೆ ಎಂದು ಹೇಳಿ ಹೋಗುತ್ತಾರೆ, ಅವಳು ನಗುತ್ತಾಳೆ.

ನಿಮ್ಮ ಬಳಿ ಬಂದೆವು. ನೀವು ಅಕ್ಕನ ಫಲಿತಾಂಶಗಳನ್ನು ತಿರುವಿ ಹಾಕಿ, "ಮಾತು ಕೇಳಿಸ್ತಿದೆ ತಾನೆ? ಉಳಿದಿದ್ದೆಲ್ಲ ಬೋನಸ್ ಇದ್ದ ಹಾಗೆ" ಎಂದಿರಿ. ಅಕ್ಕ ಮೆಲ್ಲಗೆ, "ಅದರಲ್ಲೇ ನಾನು ಕೆಲಸ ಮಾಡ್ತಿದ್ದೆ ಡಾಕ್ಟ್ರೇ" ಎಂದಳು. ನೀವು ಗಡಿಯಾರ ನೋಡಿದಿರಿ. ಟ್ಯೂಬಿನ ವಿಷಯವನ್ನು ನಾನು ಎತ್ತಿದಾಗ ಜಾಣಕಿವುಡು ತೋರಿಸಿದಿರಿ. ಬರೆದು ಕೊಟ್ಟ ದೂರಿಗೆ ಬಂದ ಉತ್ತರ ಒಂದೇ ಸಾಲು: ಅಳತೆಯ ಉಪಕರಣವು ದೋಷರಹಿತವಾಗಿ ಕಾರ್ಯನಿರ್ವಹಿಸಿದೆ. ಸ್ವಾಮಿ, ನಾವು ದೂರಿದ್ದು ಉಪಕರಣವನ್ನೇ? ಅಂದು ಆ ಕೋಣೆಯಲ್ಲಿ ತಮ್ಮ ಕೆಲಸ ಮಾಡಿದವರು ಇಬ್ಬರೇ, ಒಂದು ಯಂತ್ರ, ಇನ್ನೊಬ್ಬರು ಆ ಶ್ರವಣತಜ್ಞೆ. ಅವರನ್ನು ಈಗ ಮಕ್ಕಳ ತಪಾಸಣೆಯ ಕೋಣೆಗೆ ಹಾಕಿದ್ದೀರಂತೆ. ಯಂತ್ರವನ್ನು ವರ್ಗ ಮಾಡಲು ಬರುವುದಿಲ್ಲವಾದ್ದರಿಂದ ಅದರ ಜೊತೆ ಫೋಟೋ ತೆಗೆಸಿಕೊಂಡಿರಿ.

ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ನೀವು ಎಂದಾದರೂ ನನ್ನ ಕೈಗೆ ಸಿಕ್ಕಿ, ಎದುರಿನಿಂದ ಲಾರಿ ಬರುವಾಗ ಸ್ಟಿಯರಿಂಗ್ ಹಿಡಿದು ಬೆವರಬೇಕು, ನಾನು ಕಿಟಕಿಯಾಚೆ ನೋಡುತ್ತ ಇದು ನಮ್ಮ ರಸ್ತೆಯಲ್ಲಿ ಮಾಮೂಲು ಎನ್ನಬೇಕು ಎಂದು ಎಷ್ಟೋ ಸಲ ಕನಸು ಕಂಡಿದ್ದೇನೆ. ಆದರೆ ನಮ್ಮ ಕಾರುಗಳಲ್ಲಿ ಪಕ್ಕದಲ್ಲಿ ಕೂತವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎಷ್ಟೇ ಸಿಟ್ಟಿದ್ದರೂ ನನ್ನ ಕಾಲು ಅದನ್ನು ಒತ್ತಿಬಿಡುತ್ತದೆ ಎಂಬುದು ನನ್ನ ದುಃಖ. ನಿಮ್ಮ ಪಕ್ಕ ಕೂತಿದ್ದ ಶ್ರವಣತಜ್ಞೆಗೆ ಬ್ರೇಕ್ ಇರಲಿಲ್ಲ. ಅವರಿಗಿದ್ದುದು ಬಾಯಿ ಮಾತ್ರ, ಅದಕ್ಕೆ ನೀವು ಕಿವಿಗೊಡಲಿಲ್ಲ.

ಇಷ್ಟು ಹೊತ್ತಿಗೆ ಸೇಡು ತೀರಿಸಿಕೊಂಡು ಸುಮ್ಮನಾಗಬಹುದಿತ್ತು. ಆದರೆ ವಿಧಿಗೂ ನಿಮ್ಮಂಥದೇ ತಮಾಷೆಯ ಬುದ್ಧಿ. ಅಕ್ಕನ ಎಡಗಿವಿಯೂ ಈಗ ಇಳಿಮುಖವಾಗಿದೆ. ಅಲ್ಲಿ ಉಳಿದಿರುವ ದಪ್ಪ ಸದ್ದಿನಲ್ಲಿ ಅವಳು ಇಂದಿಗೂ ಯಂತ್ರವಿಲ್ಲದೆ ಭಾವನ ದನಿ ಕೇಳುತ್ತಾಳೆ. ಅದಕ್ಕೇ ಅವರು ಅಡುಗೆಮನೆಯಲ್ಲೂ ಬೀದಿಯಲ್ಲೂ ಅವಳ ಎಡಕ್ಕೇ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಆ ಕಿವಿಗೂ ಇಂಪ್ಲಾಂಟ್ ಹಾಕಬೇಕಂತೆ. ಅದರ ಮಿಡಿತ ಕ್ಷೀಣವಾದರೂ ಅಳೆಯಬಹುದಂತೆ, ಮಕ್ಕಳ ತಪಾಸಣೆಯ ಕೋಣೆಯಲ್ಲಿ ಕೇಳಿ ತಿಳಿದುಕೊಂಡೆವು. ಆದರೆ ಅಳೆಯುವ ಯಂತ್ರ ಇರುವುದು ನಿಮ್ಮಲ್ಲಿ ಮಾತ್ರ, ತಂತಿ ತೂರಿಸುವ ಕೈಯೂ ನಿಮ್ಮದೇ. ಯಾರನ್ನು ಕಂಡರೆ ನನ್ನ ಮೈ ಉರಿಯುತ್ತದೋ ಅವರ ಮುಂದೆಯೇ ಅಕ್ಕನನ್ನು ಮಲಗಿಸಿ ಹೊರಗೆ ಕಾಯಬೇಕಾಗಿದೆ. ಇದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ನೀವು ನನಗೆ ಕೊಡಲಾರಿರಿ.

ಆದ್ದರಿಂದ ನನ್ನ ಬೇಡಿಕೆ. ನಿಮ್ಮ ಸಮಿತಿ ಬರೆಯುವ ನಿಯಮಾವಳಿಯಲ್ಲಿ ಒಂದು ನಿಯಮ ಇರಬೇಕು. ಸದ್ದು ಇಳಿದರೆ ಕೈ ನಿಲ್ಲಬೇಕು. ಬಟ್ಟೆ ಎತ್ತಿ ನೋಡುವವರೆಗೆ ಟ್ಯೂಬಿನ ಹೆಸರನ್ನು ಯಾರೂ ಎತ್ತಬಾರದು. ಅಳತೆಯ ಮುಂದೆ ಕೂತವರು ನಿಲ್ಲಿಸಿ ಎಂದರೆ ಅದು ಮುಖ್ಯಸ್ಥರಿಗೂ ಅನ್ವಯಿಸಬೇಕು. ಯಾರೇ ಅಧ್ಯಕ್ಷರಾದರೂ ಇಷ್ಟನ್ನು ಬರೆದಾರು. ನೀವೇ ಬರೆಯಬೇಕಾದದ್ದು ಇದರ ಮುಂದಿನದು. ನಿಮ್ಮ ವೃತ್ತಿಯಲ್ಲಿ ರೋಗವನ್ನೋ ಉಪಕರಣವನ್ನೋ ಮೊದಲು ಕಂಡವರ ಹೆಸರನ್ನು ಅದಕ್ಕೆ ಇಡುವ ಪದ್ಧತಿ ಇದೆಯಲ್ಲವೇ? ನೋಡದೆಯೇ ಟ್ಯೂಬನ್ನು ದೂರಿ ಕಿವಿಯನ್ನು ಕೊಲ್ಲುವ ಈ ತಪ್ಪಿಗೆ ಇನ್ನೂ ಹೆಸರಿಲ್ಲ. ಅದಕ್ಕೆ ನಿಮ್ಮ ಹೆಸರಿಡಿ. ಮುಂದೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಬಾಯಿಪಾಠ ಮಾಡಲಿ, ಪರೀಕ್ಷೆಯಲ್ಲಿ ಬರೆಯಲಿ. ಸದ್ದು ಇಳಿದಾಗಲೆಲ್ಲ ಯಾವುದೋ ಆಸ್ಪತ್ರೆಯಲ್ಲಿ ಯಾರೋ ಕಿರಿಯರು ತಮ್ಮ ಹಿರಿಯರಿಗೆ ನಿಮ್ಮ ಹೆಸರು ಹೇಳಿ ಎಚ್ಚರಿಸಲಿ. ನೀವು ನಿವೃತ್ತರಾದ ಮೇಲೂ, ಸತ್ತ ಮೇಲೂ. ನನ್ನ ಸೇಡು ಅಷ್ಟು ದೂರ ಹೋಗಬೇಕೆಂದು ನನ್ನ ಆಸೆ.

ಈ ಪತ್ರವನ್ನು ಕಳಿಸುವ ಮೊದಲು ಅಕ್ಕನಿಗೆ ಓದಲು ಕೊಟ್ಟೆ. ಬೈಗುಳ ಸಾಲದು ಎಂದು ಭಾವ ಗೊಣಗಿದರು. ಅಕ್ಕ ಮಾತ್ರ ಪುಟಗಳನ್ನು ಹಿಂದೆಮುಂದೆ ತಿರುವಿ, "ಅವರ ಹೆಸರೇ ಇಲ್ವಲ್ಲೋ ಇದ್ರಲ್ಲಿ" ಎಂದಳು.

ಅದನ್ನು ಅವರೇ ಬರೆಯಲಿ ಎಂದು ಬಿಟ್ಟಿದ್ದೇನೆ ಎಂದೆ.

ಅವಳು ಪುಟಗಳನ್ನು ಜೋಡಿಸಿ ಮಡಚಿದಳು. "ಹಾಗಾದ್ರೆ ಅವರು ಬರೆಯೋವರೆಗೂ ನನ್ನ ಎಡಗಿವಿ ಕೊಡಲ್ಲ" ಎಂದು ಪತ್ರವನ್ನು ನನ್ನ ಕೈಗಿಟ್ಟಳು.

ಅವಳ ಹಟ ನನಗೆ ಗೊತ್ತು. ಕಿವಿ ದಿನದಿನಕ್ಕೂ ಇಳಿಯುತ್ತಿದೆ, ಅದೂ ಗೊತ್ತು. ಬೇಗ ಬರೆಯಿರಿ.

ಇಂತಿ,
ಒಂದು ಕಿವಿಯನ್ನು ಇನ್ನೂ ನಿಮಗೆ ಕೊಡದಿರುವವಳ ತಮ್ಮ