ಅಮಾನತ್ ಡಬ್ಬಿ

ಹಲಸೂರು, ಬೆಂಗಳೂರು
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಐಶೂ,

ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಅವಳು ಒರೆಸಿಕೊಂಡರೆ ಇನ್ನೊಂದು ಕೊಡು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕಾಗದ ಕಳಿಸುತ್ತೇನೆ ಎಂದವಳು ಎಳ್ಳನ್ನೂ ಕಳಿಸಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು 'ಹೂಂ ಅಮ್ಮ, ಹೇಳಮ್ಮ' ಎನ್ನುತ್ತಲೇ ಕುಕ್ಕರ್ ಇಳಿಸುತ್ತಿರುತ್ತೀಯ. ನಾನು ಹೇಳಬೇಕಾದದ್ದು ನಿನ್ನ ಒಗ್ಗರಣೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಇದು ಹಾಗೆ ಹೇಳುವ ಸಂಗತಿಯಲ್ಲ. ಎಲ್ಲ ಒಳ್ಳೆಯದೇ ಆಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗದೆ ಓದು.

ಸೂರಿಲ್ಲದವರಿಗೆ ಆಶ್ರಯ ಕೊಡುವ ಸಂಸ್ಥೆಯೊಂದರ ಗೋಡೌನ್ ನೋಡಿಕೊಳ್ಳಲು ಒಪ್ಪಿದ್ದೇನೆ ಎಂದಾಗ ನೀನು ಮುಖ ಸಿಂಡರಿಸಿದ್ದೆ. 'ರಿಟೈರ್ ಆದ ಟೀಚರ್‌ಗೆ ಬೇರೆ ಕೆಲಸ ಸಿಗಲಿಲ್ವಾ? ಮತ್ತೆ ಗೋಡೌನೇ ಬೇಕಾ ನಮಗೆ?' ಎಂದು ಕೇಳಿದ್ದೆ. ನಿನ್ನ ಸಿಟ್ಟಿನ ಕಾರಣ ನನಗೆ ಗೊತ್ತು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನಮ್ಮ ಗೋಡೌನ್ ಇರುವುದು ಹಲಸೂರು ಕೆರೆಯಿಂದ ಸ್ವಲ್ಪ ಒಳಗೆ, ಹಿಂದೆ ಮರದ ಮಂಡಿಯಾಗಿದ್ದ ಶೀಟಿನ ಕಟ್ಟಡದಲ್ಲಿ. ಪಕ್ಕದ ಬೀದಿಯಲ್ಲೇ ಆಶ್ರಯ. ಫುಟ್‌ಪಾತಿನಲ್ಲಿ, ಕೆ.ಆರ್. ಪುರದ ಸೇತುವೆಯ ಕೆಳಗೆ ಮಲಗುವವರನ್ನು ಕರೆತಂದು ಅಲ್ಲಿ ಇರಿಸಿಕೊಳ್ಳುತ್ತಾರೆ. ಜನ ಕೊಟ್ಟ ಬಟ್ಟೆ, ಹಾಸಿಗೆ, ಪಾತ್ರೆ ಎಲ್ಲ ಮೊದಲು ನನ್ನ ಹತ್ತಿರ ಬರುತ್ತವೆ. ಚೆನ್ನಾಗಿರುವುದು ಆಶ್ರಯಕ್ಕೆ. ಯಾರಾದರೂ ಚೇತರಿಸಿಕೊಂಡು ಬಾಡಿಗೆ ಕೋಣೆ ಹಿಡಿದರೆ ಅವರ ಮನೆಗೂ ಇಲ್ಲಿಂದಲೇ ಚಾಪೆ, ಚೆಂಬು ಹೋಗುತ್ತದೆ. ಹರಿದದ್ದು, ಕಲೆಯಾದದ್ದು ಶಿವಾಜಿನಗರದ ಅಕ್ತರ್ ಅವರ ಅಂಗಡಿಗೆ. ಅವರು ಅದನ್ನು ಕತ್ತರಿಸಿ ಗ್ಯಾರೇಜುಗಳಿಗೆ ಒರೆಸುವ ಬಟ್ಟೆ ಮಾಡುತ್ತಾರೆ.

ಜನ ಏನೇನು ಕೊಡುತ್ತಾರೆ ಎಂದು ಬರೆದರೆ ನೀನು ನಂಬುವುದಿಲ್ಲ. ಇಂದಿರಾನಗರದಿಂದ ಮಿಣಮಿಣ ಮಿಂಚುವ ಪಾರ್ಟಿ ಗೌನು ಬಂದಿತ್ತು, ಅದರ ಜೊತೆಗೆ ಒಂದೇ ಕಾಲಿನ ಬೂಟು. ಸಿ.ವಿ. ರಾಮನ್ ನಗರದವರೊಬ್ಬರು 'ಬೆಸ್ಟ್ ಎಂಪ್ಲಾಯಿ' ಎಂದು ಕೆತ್ತಿದ ಕಪ್ಪುಗಳನ್ನು ಚೀಲದ ತುಂಬ ತಂದು, ಯಾರಿಗಾದರೂ ಉಪಯೋಗವಾಗಲಿ ಎಂದು ಕೊಟ್ಟುಹೋದರು. ಆಯಿತು, ಈಗ ಆಶ್ರಯದ ಅಜ್ಜಂದಿರು ಅದರಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದಾರೆ.

ಚಾಂದ್ ಬೀ ನನ್ನ ಬಲಗೈ. ಹಾಗೆಂದರೆ ಅವಳಿಗೆ ಸಿಟ್ಟು ಬರುತ್ತದೆ. ಗೋಡೌನ್ ತನ್ನದು, ಟೀಚರಮ್ಮ ಆಮೇಲೆ ಬಂದವಳು ಎನ್ನುವುದು ಅವಳ ಅಭಿಪ್ರಾಯ. ಶಿವಾಜಿನಗರದವಳು, ನನಗಿಂತ ಸ್ವಲ್ಪ ಚಿಕ್ಕವಳು, ನನ್ನಷ್ಟೇ ಬಾಯಿ. ಮೊದಲು ಅವಳು ಚೀಲಗಳ ಮೇಲೆಲ್ಲ ಉರ್ದುವಿನಲ್ಲಿ ಬರೆಯುತ್ತಿದ್ದಳು. ನನಗೆ ಓದಲು ಬಾರದು. ಬಂದ ವಾರವೇ ಎಲ್ಲ ಚೀಟಿಗಳೂ ಕನ್ನಡದಲ್ಲೇ ಇರಬೇಕೆಂದು ಕಾನೂನು ಮಾಡಿದೆ. ಅವಳೂ ಕನ್ನಡ ಶಾಲೆಗೆ ಹೋದವಳೇ. ಅಕ್ಷರ ಮುದ್ದಾಗಿದೆ, ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. 'ಸುಟರ್' ಎಂದು ಬರೆದರೆ ಸ್ವೆಟರ್, 'ಜಮಕನ' ಎಂದರೆ ಜಮಖಾನ. ನಾನು ಕೆಂಪು ಮಾರ್ಕರ್ ಹಿಡಿದು ಹಿಂದೆ ಹಿಂದೆ ತಿದ್ದುತ್ತ ಹೋಗುತ್ತೇನೆ. ಚಳಿಯಲ್ಲಿ ನಡುಗುವವರು ಒತ್ತಕ್ಷರ ನೋಡುತ್ತಾರಾ ಎಂದು ಅವಳು ಗೊಣಗುತ್ತಾಳೆ. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಈ ಸಲ ಭೋಗಿ ಹಬ್ಬಕ್ಕೆ ನಾವು ಸತ್ತೇಹೋದೆವು. ಹಲಸೂರಿನ ತಮಿಳರು ಆ ದಿನ ಮನೆಯ ಹಳೆಯದನ್ನೆಲ್ಲ ಹೊರಹಾಕಿ ಸುಡುತ್ತಾರಲ್ಲ, ಸುಡುವ ಬದಲು ನಮಗೆ ಕೊಡಿ ಎಂದು ನಮ್ಮ ಸಂಸ್ಥೆಯ ಹುಡುಗಿಯರು ಬೀದಿಬೀದಿಗೆ ಹೋಗಿ ಕೇಳಿಕೊಂಡಿದ್ದರು. ಕೊಟ್ಟರು ನೋಡು. ಬೆಳಗಾಗುವಷ್ಟರಲ್ಲಿ ಬಾಗಿಲು ತೆರೆಯಲು ಜಾಗವಿಲ್ಲ. ಚಾಂದ್ ಬೀ ಅಂದು ಮಗಳ ಮನೆಗೆ ಹೋಗಿದ್ದಳು. ಜಾಗ ಮಾಡಲೇಬೇಕೆಂದು ನಾನು ಹಿಂದಿನ ಗೋಡೆಯ ರ‍್ಯಾಕ್ ಖಾಲಿ ಮಾಡಲು ನಿಂತೆ. ಅದು ಹರಿದ ಸಾಮಾನಿನ ರ‍್ಯಾಕ್, ಎಲ್ಲ ಅಕ್ತರ್ ಅವರ ಟೆಂಪೋಗೆ ಹೋಗುವಂಥದ್ದು. ಮೇಲಿನ ತಟ್ಟೆಯಲ್ಲಿ, ಮೂಲೆಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಸುತ್ತ ಟೇಪು ಸುತ್ತಿ, ಮೇಲೆ ಚೀಟಿ ಅಂಟಿಸಿ, ಚಾಂದ್ ಬೀಯ ದುಂಡು ಅಕ್ಷರದಲ್ಲಿ ಬರೆದಿತ್ತು: ಅಮಾನತ್.

ಆ ಪದ ಕಂಡ ಕೂಡಲೇ ಚೀಟಿಯನ್ನು ಗೋಡೆಯ ಕಡೆ ತಿರುಗಿಸಿದೆ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕೆಲಸಕ್ಕೆ ಬಾರದೆ ಪಕ್ಕಕ್ಕಿಟ್ಟ ಸಾಮಾನಿಗೆ ಅವಳು ತಮಾಷೆಯಾಗಿ ಆ ಹೆಸರಿಟ್ಟಿದ್ದಾಳೆ ಎಂದುಕೊಂಡೆ. ಅಲುಗಾಡಿಸಿದರೆ ಒಳಗೆ ಗಲಗಲ ಎಂದಿತು. ಮುರಿದ ಗುಂಡಿ, ಜಿಪ್ಪು ಇರಬೇಕು. ಬೇರೆ ಯಾವ ಡಬ್ಬಿಯನ್ನೂ ನಾನು ಬಿಚ್ಚಿ ನೋಡದೆ ಕಳಿಸುವವಳಲ್ಲ. ಇದನ್ನು ಮಾತ್ರ ಕಣ್ಣೆದುರಿನಿಂದ ಸಾಗಹಾಕಿದರೆ ಸಾಕೆನ್ನಿಸಿತು. ಆದರೂ ಟೀಚರ್ ಚಟ ಎಲ್ಲಿ ಬಿಡುತ್ತದೆ? 'ತ್' ಮೇಲಿನ ಕೊಕ್ಕೆ ಹೊಡೆದುಹಾಕಿ, ಕೆಂಪು ಮಾರ್ಕರಿನಲ್ಲಿ ಕೊಂಬು ಕೊಟ್ಟು 'ಅಮಾನತು' ಎಂದು ತಿದ್ದಿ, ಟೆಂಪೋಗೆ ಹಾಕಿಸಿದೆ.

ಹಬ್ಬ ಕಳೆದ ಮಾರನೆಯ ದಿನ, ಆಶ್ರಯದಲ್ಲಿರುವ ವೀರಣ್ಣ ಆಸ್ಪತ್ರೆಯಿಂದ ಬಂದರು. ಇವರು ರೋಣದ ಕಡೆಯವರು. ಕೆ.ಆರ್. ಪುರದಲ್ಲಿ ಕಟ್ಟಡ ಕಾಯುತ್ತಿದ್ದರಂತೆ. ಕಟ್ಟಡ ಮುಗಿಯಿತು, ಶೆಡ್ಡು ಕಿತ್ತರು, ಅಲ್ಲಿಗೆ ಕೆಲಸವೂ ಹೋಯಿತು ಮನೆಯೂ ಹೋಯಿತು. ಹರ್ನಿಯಾ ಆಪರೇಷನ್ ಆಗಿ ವಾಪಸಾಗಿದ್ದರು. ಅಲ್ಲಿದ್ದಷ್ಟು ದಿನ ಡ್ರಿಪ್ಪಿನಲ್ಲೇ ಕಳೆದಿತ್ತು, ಇನ್ನು ಗಂಜಿ ಕುಡಿದು ಮಾತ್ರೆ ನುಂಗಬೇಕು. ಅವರು ಗಂಜಿ ಮುಟ್ಟಲಿಲ್ಲ. ಚಾಂದ್ ಬೀಯನ್ನು ಕರೆಯಿರಿ ಎಂದರು, ಅಷ್ಟೇ. ಆಶ್ರಯದ ನರ್ಸ್ ಹಂಸ ಓಡಿಬಂದು, ಖಾಲಿ ಹೊಟ್ಟೆಗೆ ಮಾತ್ರೆ ಕೊಡುವಂತಿಲ್ಲ, ಕೊಡದಿದ್ದರೆ ಹೊಲಿಗೆಯಲ್ಲಿ ಕೀವಾಗುತ್ತದೆ, ನೀವಾದರೂ ಬಂದು ಹೇಳಿ ಎಂದು ನನ್ನ ಹತ್ತಿರ ಅಲವತ್ತುಕೊಂಡಳು.

ನಾನು ಹೋಗಲು ಎದ್ದರೆ ಚಾಂದ್ ಬೀ ಹಿಂದಿನ ರ‍್ಯಾಕಿನ ಮುಂದೆ ನಿಂತು ಖಾಲಿ ತಟ್ಟೆಯನ್ನೇ ನೋಡುತ್ತಿದ್ದಾಳೆ.

"ಟೀಚರಮ್ಮಾ, ಇಲ್ಲಿದ್ದ ಡಬ್ಬಿ ಎಲ್ಲಿ?"

ಅಕ್ತರ್ ಅವರಿಗೆ ಕಳಿಸಿದೆ ಎಂದೆ. ಅವಳು ನೆಲದ ಮೇಲೆ ಕೂತೇಬಿಟ್ಟಳು. ಒಳಗೇನಿತ್ತು ಎಂದು ಕೇಳಿದರೆ ಒಂದೊಂದೇ ಹೇಳಿದಳು. ದಾನದ ಬಟ್ಟೆಗಳ ಜೇಬಿನಲ್ಲಿ ಸಿಕ್ಕ ಕೀಲಿಕೈಗಳು, ಒಂಟಿ ಓಲೆ, ಯಾರದೋ ಮದುವೆಯ ಫೋಟೋ. ಎಂದಾದರೂ ಯಾರಾದರೂ ಕೇಳಿಕೊಂಡು ಬರಬಹುದೆಂದು ಕೂಡಿಟ್ಟಿದ್ದು. ಹರಿದ ಬಟ್ಟೆಯ ರ‍್ಯಾಕಿಗೆ ಯಾರೂ ಕೈ ಹಾಕುವುದಿಲ್ಲ ಎಂದು ಅಲ್ಲೇ ಬಚ್ಚಿಟ್ಟಿದ್ದಳು. ಡಬ್ಬಿಯೊಳಗೆ ಅವೆಲ್ಲದರ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿ, ವೀರಣ್ಣನವರ ಕರಡಿಗೆ. ಬೆಳ್ಳಿಯ ಕರಡಿಗೆಯೊಳಗೆ ಅವರ ಇಷ್ಟಲಿಂಗ.

ಐಶೂ, ಅದನ್ನು ಹರಿದ ಬಟ್ಟೆಯ ಜೊತೆ ಸಾಗಹಾಕಿದವಳು ನಾನು. ನಾವೇನೋ ಹಬ್ಬಕ್ಕೆ ವಿಭೂತಿ ಹಚ್ಚಿಕೊಳ್ಳುವ ಮಟ್ಟದ ಲಿಂಗಾಯತರು. ನಮ್ಮ ತಾತನನ್ನು ನಾನು ನೋಡಿದ್ದೇನೆ: ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಸತ್ತಾಗ ಅದೇ ಲಿಂಗದ ಜೊತೆ ಮಣ್ಣಿಗೆ ಹೋದರು. ಆಪರೇಷನ್‌ಗೆ ಮೈಮೇಲೆ ದಾರವೂ ಇರಬಾರದು ಎಂದರಂತೆ ಆಸ್ಪತ್ರೆಯವರು. ಅದಕ್ಕೆ ವೀರಣ್ಣ ಬಿಚ್ಚಿ ಇವಳ ಕೈಗೆ ಕೊಟ್ಟಿದ್ದರು. ನನಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ, ಆ ಹೊತ್ತಿನಲ್ಲೂ ನನಗೆ ಸ್ವಲ್ಪ ನೋವಾಯಿತು. ನಮ್ಮವರಾದರೆ ಯಾವ ಊರು, ಯಾವ ಮಠ, ಮಕ್ಕಳು ಎಲ್ಲಿ, ಇಲ್ಲಿಗೆ ಯಾಕೆ ಬಂದಿರಿ ಎಂದೆಲ್ಲ ಕೇಳುತ್ತಾರೆ, ಚಾಂದ್ ಬೀ ಏನೂ ಕೇಳುವುದಿಲ್ಲ ಎಂದಿದ್ದರಂತೆ. ನಿಜ ಹೇಳಲಾ, ನಾನು ಕೇಳಿಯೇ ಕೇಳುತ್ತಿದ್ದೆ.

ಅಮಾನತು ಎಂದು ಬರೆದರೆ ನಾನೇನು ತಿಳಿಯಬೇಕು ಎಂದು ಅವಳ ಮೇಲೆ ರೇಗಿದೆ. ಅವಳು ನನಗಿಂತ ಜೋರಾಗಿ ರೇಗಿದಳು.

"ಅಮಾನತ್ ಅಂದ್ರೆ ಬೇರೆಯೋರ್ದು. ನಮ್ಮನ್ನ ನಂಬಿ ಇಟ್ಟಿರೋದು. ವಾಪಸ್ ಕೊಡೋತನಕ ನಾವು ಕಾಯ್ಬೇಕು. ಇಷ್ಟು ಗೊತ್ತಿಲ್ವಾ ನಿಮಗೆ?"

ನನಗೆ ಗೊತ್ತಿದ್ದ ಅರ್ಥ ಒಂದೇ ಒಂದು. ಜೀವಮಾನವೆಲ್ಲ ಕನ್ನಡ ಕಲಿಸಿದವಳಿಗೆ ಅದೇ ಪದ ಎದುರು ಮನೆಯಲ್ಲಿ ಬೇರೆ ಅರ್ಥ ಇಟ್ಟುಕೊಂಡು ಬದುಕಿದೆ ಎಂದು ತಿಳಿದಿರಲಿಲ್ಲ.

ಆಟೋ ಹತ್ತಿದೆವು. ಅಕ್ತರ್ ಅವರ ಅಂಗಡಿಯಲ್ಲಿ ಬಂದ ಬಟ್ಟೆ ಅಂದೇ ಕತ್ತರಿಗೆ ಹೋಗುತ್ತದೆ, ತಗಡಾದರೆ ನೇರ ಗುಜರಿಗೆ. ಅವರು ಫೋನ್ ಎತ್ತುತ್ತಿರಲಿಲ್ಲ. ಗುಜರಿಗೆ ಹೋಗಿದ್ದರೆ ಆ ಮನುಷ್ಯನ ಮುಖವನ್ನು ನಾನು ಹೇಗೆ ನೋಡಲಿ? ಇರುವುದೆಲ್ಲ ಕಳೆದುಕೊಂಡು ಬಂದವರು, ಉಳಿದಿದ್ದ ಒಂದನ್ನು ನಮ್ಮ ಕೈಗೆ ಕೊಟ್ಟಿದ್ದರು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾಫಿಕ್ಕು ನಿಂತಾಗ ಚಾಂದ್ ಬೀ ಇಳಿದು ನಡೆದೇಬಿಟ್ಟಳು, ನಾನು ಸೀರೆ ಎತ್ತಿಕೊಂಡು ಹಿಂದೆ ಓಡಿದೆ.

ಅಕ್ತರ್ ಅಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದರು. ನಮ್ಮ ಅವಸ್ಥೆ ನೋಡಿ ಮೊದಲು ಕೂರಿಸಿದರು. ನಾನು ಡಬ್ಬಿ ಎನ್ನುವಷ್ಟರಲ್ಲೇ ಒಳಗೆ ಹೋಗಿ ಸ್ಟೂಲು ಹತ್ತಿ, ಗೋಡೆಯ ಮೇಲುಗಡೆಯ ಗೂಡಿನಿಂದ ಅದನ್ನು ಇಳಿಸಿಕೊಂಡು ಬಂದರು. ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು.

ಬಿಚ್ಚಲಿಲ್ಲವಾ ಎಂದು ಕೇಳಿದೆ.

"ಅಮಾನತ್ ಅಂತ ಬರ್ದಿದೆಯಲ್ಲ ಮೇಡಂ. ಹೆಂಗೆ ಬಿಚ್ಚೋದು? ಯಾರಾದ್ರೂ ಬರ್ತಾರೆ ಅಂತ ಮೇಲೆ ಇಟ್ಟಿದ್ದೆ."

ಆಮೇಲೆ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಈ ಕೊಂಬು ಯಾರೋ ಆಮೇಲೆ ಕೊಟ್ಟಿದ್ದಾರೆ, ಇಂಕೇ ಬೇರೆ ಎಂದರು. ಚಾಂದ್ ಬೀ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ. ಮೊದಲು ನಕ್ಕವಳು ಅವಳೇ. ಆಮೇಲೆ ನಾನೂ ಶುರುಮಾಡಿದೆ ನೋಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ಪಾಪ, ಅಕ್ತರ್ ನನಗೂ ಒಂದು ಚಹಾ ತರಿಸಿದರು.

ಬರುವಾಗ ಆಟೋದಲ್ಲಿ ಡಬ್ಬಿಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡಿದ್ದೆ. ಆಶ್ರಯದಲ್ಲಿ ಮಾತ್ರ ಚಾಂದ್ ಬೀಯ ಕೈಯಿಂದಲೇ ಕೊಡಿಸಿದೆ. ಅವರು ಕೊಟ್ಟಿದ್ದು ಅವಳಿಗೆ. ವೀರಣ್ಣ ಕರಡಿಗೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಎಲ್ಲೋ ಹೋಗಿತ್ತೆಂಬುದು ಅವರಿಗೆ ತಿಳಿಯದೇ ಇರಲಿ ಎಂದು ಹಂಸ ಕಣ್ಸನ್ನೆ ಮಾಡಿದಳು, ಆದರೆ ನನಗೆ ತಡೆಯಲಾಗಲಿಲ್ಲ, ನಡೆದದ್ದನ್ನು ಹೇಳಿದೆ. ಅವರು ಕರಡಿಗೆಯ ಮೇಲೆ ಕೈಯಾಡಿಸಿ, "ತಿರುಗಾಡಿಕೊಂಡು ಬಂದದ ಬಿಡ್ರಿ ಯಕ್ಕಾ. ನಾನೂ ತಿರುಗಾಡಿನ ಬಂದಾಂವ" ಎಂದರು. ಹಾಸಿಗೆಯ ಮೇಲೇ ಕೂತು ಪೂಜೆ ಮುಗಿಸಿದರು. ಗಂಜಿ ತಣ್ಣಗಾಗಿತ್ತು. ಬಿಸಿ ಮಾಡಿಕೊಡುತ್ತೇನೆಂದರೂ ಕೇಳದೆ ಬಟ್ಟಲು ಎತ್ತಿ ಕುಡಿದರು. ಹಂಸ ಮಾತ್ರೆ ಕೊಟ್ಟಳು. ಅವರು ಕುಡಿಯುವ ಸದ್ದು ಕೇಳುತ್ತ ನಿಂತಿದ್ದೆ. ಇತ್ತೀಚೆಗೆ ನನಗೆ ಅಷ್ಟು ಹಾಯೆನಿಸಿದ್ದು ಬೇರೆ ಯಾವುದೂ ನೆನಪಿಲ್ಲ. ಅಂದು ಮನೆಗೆ ಬಂದವಳು ಊಟವನ್ನೂ ಮಾಡದೆ ಮಗುವಿನ ಹಾಗೆ ಮಲಗಿಬಿಟ್ಟೆ.

ಈಗ ಗೋಡೌನಿನಲ್ಲಿ ಅದಕ್ಕೆಂದೇ ಒಂದು ಬೀಗದ ಗೂಡು ಮಾಡಿಸಿದ್ದೇವೆ. ಆಶ್ರಯದವರು ತಮ್ಮ ಫೋಟೋ, ಕಾಗದ, ತಾಯಿತ ಎಲ್ಲ ತಂದಿಡುತ್ತಿದ್ದಾರೆ. ಗೂಡಿನ ಮೇಲೆ 'ಅಮಾನತ್' ಎಂದು ಚಾಂದ್ ಬೀಯೇ ಬರೆದಳು, ಕೊಂಬಿಲ್ಲದೆ. ಕೆಂಪು ಮಾರ್ಕರನ್ನು ಅವಳು ಎಲ್ಲೋ ಅಡಗಿಸಿದ್ದಾಳೆ, ನಾನೂ ಹುಡುಕಲು ಹೋಗಿಲ್ಲ.

ನಿನ್ನ ಬೆನ್ನು ನೋವು ಹೇಗಿದೆ? ಶಾಲೆಯಲ್ಲಿ ಹೊತ್ತುಗಟ್ಟಲೆ ನಿಂತೇ ಪಾಠ ಮಾಡಬೇಡ, ನನ್ನ ಮಂಡಿ ನೋಡಿಯಾದರೂ ಕಲಿತುಕೋ. ಎಳ್ಳುಬೆಲ್ಲ ಇವತ್ತು ಕಟ್ಟಿಟ್ಟಿದ್ದೇನೆ, ಈ ಕಾಗದದ ಜೊತೆಗೇ ಬರುತ್ತದೆ. ಹಳತಾಗಿದೆ ಎನ್ನಬೇಡ, ಒಳ್ಳೆಯ ಮಾತಾಡು. ನಿಮ್ಮ ಮನೆಯ ಒಲೆ, ದೀಪ, ನಗು ಮೂರೂ ಆರದಿರಲಿ.

ಇಂತಿ,
ನಿನ್ನ ಅಮ್ಮ
ವಿಮಲಾಕ್ಷಿ

ಮರೆತು ಬಿಟ್ಟದ್ದಲ್ಲ, ಉಳಿಸಿಕೊಂಡದ್ದು: ನಿಮ್ಮಪ್ಪ ನೋಡಿಕೊಳ್ಳುತ್ತಿದ್ದ ಗೋಡೌನಿನಲ್ಲಿ ಅಕ್ಕಿ ಮೂಟೆ ಕಡಿಮೆ ಬಂತೆಂದು ಅವರನ್ನು ಅಮಾನತು ಮಾಡಿದ ಮೇಲೆ ಆ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನೀನು ಕಾಲೇಜಿನಲ್ಲಿ ಅಪ್ಪ ರಜೆಯಲ್ಲಿದ್ದಾರೆ ಎನ್ನುತ್ತಿದ್ದೆ. ನಾನು ಶಾಲೆಯಲ್ಲಿ ಅವರಿಗೆ ಹುಷಾರಿಲ್ಲ ಎನ್ನುತ್ತಿದ್ದೆ. ಅವರು ಹೊರಗೆ ಹೋಗದೆ, ದಿನಾ ನಿನಗೆ ಜಡೆ ಹಾಕಿ, ನನಗೆ ಬುತ್ತಿ ಕಟ್ಟಿ, ನಾವು ಬರುವ ದಾರಿ ನೋಡುತ್ತ ಕೂತಿರುತ್ತಿದ್ದರು. ಅಕ್ಕಿಯ ಲಾರಿಯೇ ಬಂದಿರಲಿಲ್ಲ, ತಪ್ಪು ಅವರದಲ್ಲ ಎಂಬ ಆದೇಶ ಬಂದಾಗ, ಓದಿ ಹೇಳೋಣವೆಂದರೆ ಅವರೇ ಬದುಕಿರಲಿಲ್ಲ. ಶಿವಾಜಿನಗರದಿಂದ ವಾಪಸು ಬರುವಾಗ ಇದನ್ನು ಚಾಂದ್ ಬೀಗೆ ಹೇಳಿದೆ. ಈವರೆಗೆ ಹೊರಗಿನ ಯಾರಿಗೂ ಹೇಳಿದ್ದಿಲ್ಲ. ಅವಳು ತುಸು ಯೋಚಿಸಿ, "ಅಷ್ಟು ದಿನ ಅವರು ನಿಮ್ಮ ಹತ್ರಾನೇ ಇದ್ರಲ್ವಾ ಟೀಚರಮ್ಮಾ? ನಮ್ಮ ಮಾತಲ್ಲಿ ಅದಕ್ಕೂ ಅಮಾನತ್ ಅಂತಾನೇ ಅನ್ನೋದು" ಎಂದಳು. ಪುಟ್ಟಿ ದೊಡ್ಡವಳಾಗಿ ತಾತನ ವಿಷಯ ಕೇಳಿದರೆ ರಜೆಯಲ್ಲಿದ್ದರು ಎನ್ನಬೇಡ, ಐಶೂ. ಅಮಾನತಿನಲ್ಲಿದ್ದರು ಎಂದೇ ಹೇಳು. ಯಾರ ಹತ್ತಿರ ಎಂದು ಕೇಳಿದರೆ, ನಮ್ಮಿಬ್ಬರ ಹತ್ತಿರ ಎನ್ನು.